ಹಂಚಿನ ಒಳಮೈಯ ಅಚ್ಚು

ಮಲೆನಾಡು, ಕರಾವಳಿಗಳ ಹೋಮ್‌ಸ್ಟೇ ಜಾಹೀರಾತುಗಳಲ್ಲಿ ಒಂದು ಚಿತ್ರ ಈಗ ಕಾಯಂ ಆಗಿಬಿಟ್ಟಿದೆ. ಕೆಂಪು ಹಂಚಿನ ಮಾಡು, ಕಾಲಿಟ್ಟರೆ ತಣ್ಣಗೆನ್ನುವ ಕೆಂಪು ನೆಲ, ದೇವರ ಕೋಣೆಯಲ್ಲಿ ಕಟ್ಟು ಹಾಕಿಸಿದ ಲಕ್ಷ್ಮಿಯ ಪಟ, ಮೈಸೂರು ರೇಷ್ಮೆ ಉಟ್ಟ ಅಜ್ಜಿ, ಆಕೆ ನೀಡುತ್ತಿರುವ ನೊರೆಗಾಫಿಯ ಸ್ಟೀಲ್ ಲೋಟ. ಯಂತ್ರಗಳು ಬರುವ ಮೊದಲಿನ ನೆಮ್ಮದಿಗೆ ಮರಳಿ ಬನ್ನಿ ಎಂದು ಚಿತ್ರ ಕರೆಯುತ್ತದೆ. ಜಾಹೀರಾತಿನವರನ್ನು ದೂರುವುದರಲ್ಲಿ ಅರ್ಥವಿಲ್ಲ; ಅವರು ಮಾರುತ್ತಿರುವುದು ನಾವು ಆಗಲೇ ನಂಬಿಕೊಂಡಿರುವ ಸರಕನ್ನು. ಭಾಷಣಗಳಲ್ಲಿ, ಭಾನುವಾರದ ಪುರವಣಿಗಳಲ್ಲಿ, ವಾಟ್ಸ್ಆ್ಯಪ್ ಸಂದೇಶಗಳಲ್ಲಿ ಅದೇ ಕಥೆ ಸುತ್ತು ಹೊಡೆಯುತ್ತಿದೆ: ಒಂದು ಕಾಲವಿತ್ತು, ಊರಿಗೆ ಬೇಕಾದದ್ದನ್ನೆಲ್ಲ ಊರೇ ಮಾಡಿಕೊಳ್ಳುತ್ತಿತ್ತು, ವಸ್ತುಗಳಿಗೆ ಕೈಯ ಬಿಸುಪಿತ್ತು, ಆಮೇಲೆ ಯಂತ್ರ ಬಂತು, ಪೇಟೆ ಬಂತು, ಎಲ್ಲ ಕೆಟ್ಟಿತು. ಈ ಕಥೆಯ ಮೇಲೆ ನನ್ನ ಮುಖ್ಯ ಆಕ್ಷೇಪ ಅದರ ಭಾವುಕತೆಯ ಬಗ್ಗೆ ಅಲ್ಲ, ಅದರ ಕಾಲಗಣನೆಯ ಬಗ್ಗೆ. ಮೇಲಿನ ಚಿತ್ರದಲ್ಲಿ ಯಂತ್ರಕ್ಕಿಂತ ಹಳೆಯದು ಎನ್ನಬಹುದಾದದ್ದು ಹೆಚ್ಚೇನೂ ಇಲ್ಲ. ಹಂಚು, ನೆಲ, ಪಟ, ಸೀರೆ, ಲೋಟ ಎಲ್ಲವೂ ಕಾರ್ಖಾನೆಯ ಮಕ್ಕಳು, ಹೆಚ್ಚಿನವು 1850ರಿಂದ 1950ರ ನಡುವೆ ಈ ನಾಡಿನ ಮನೆಗಳನ್ನು ಹೊಕ್ಕವು. ಯಂತ್ರ ನುಂಗಿಹಾಕಿತು ಎಂದು ನಾವು ಕಣ್ಣೀರಿಡುತ್ತಿರುವ ಪರಂಪರೆಯ ಬಹುಪಾಲನ್ನು ಹೆತ್ತದ್ದು ಯಂತ್ರವೇ.

ಹಂಚಿನಿಂದಲೇ ಶುರುಮಾಡೋಣ, ಯಾಕೆಂದರೆ ಅದು ತನ್ನ ಜಾತಕವನ್ನು ಮೈಮೇಲೆ ಬರೆದುಕೊಂಡಿದೆ. ಹಳೆಯ ಮನೆ ಕೆಡವಿದಲ್ಲಿ ಒಟ್ಟಿಟ್ಟ ಹಂಚುಗಳಲ್ಲಿ ಒಂದನ್ನು ಎತ್ತಿ ಮಗುಚಿ ನೋಡಬೇಕು. ತೂಕ ಎರಡೂವರೆ ಕಿಲೊ ಆಸುಪಾಸು. ಮೇಲ್ಮೈಯಲ್ಲಿ ಮಳೆನೀರು ಹರಿಯಲು ಉದ್ದುದ್ದ ಕಾಲುವೆ, ಅಂಚಿನಲ್ಲಿ ಪಕ್ಕದ ಹಂಚಿನ ಏಣು ಬಂದು ಕೂರುವ ಗಾಡಿ, ಒಳಮೈಯಲ್ಲಿ ರೀಪಿಗೆ ತಗುಲಿಕೊಳ್ಳುವ ಮೂಗು. ಆ ಒಳಮೈಯ ಮೇಲೇ ಉಬ್ಬಕ್ಷರದಲ್ಲಿ, ಇಂಗ್ಲಿಷ್ ಲಿಪಿಯಲ್ಲಿ, ಕಂಪನಿಯ ಹೆಸರು ಮತ್ತು ಊರು. ಕೆಲವದರಲ್ಲಿ ನಕ್ಷತ್ರ, ಆನೆಯಂಥ ಗುರುತು. ಬಾಸೆಲ್ ಮಿಷನ್ ಎಂಬ ಕ್ರೈಸ್ತ ಸಂಸ್ಥೆಯ ಹಂಚಾದರೆ 1865 ಎಂಬ ಇಸವಿಯೂ ಇರುತ್ತದೆ. ಆ ವರ್ಷ ಗಿಯೋರ್ಗ್ ಪ್ಲೆಬ್‌ಸ್ಟ್ ಎಂಬ ಜರ್ಮನ್ ಮಿಷನರಿ ಮಂಗಳೂರಿನ ಜೆಪ್ಪುವಿನಲ್ಲಿ, ನೇತ್ರಾವತಿಯ ದಡದಲ್ಲಿ ಹಂಚಿನ ಕಾರ್ಖಾನೆ ತೆರೆದ. ಆತ ಮೊದಲು ಈ ಕಡೆ ಬಂದದ್ದು ಮಿಷನ್ನಿನ ಅಚ್ಚುಕೂಟದ ಕೆಲಸಕ್ಕೆ. ಕನ್ನಡದ ಮೊದಲ ಪತ್ರಿಕೆ ‘ಮಂಗಳೂರ ಸಮಾಚಾರ’ವನ್ನು 1843ರಲ್ಲಿ ಹೊರಡಿಸಿದ್ದೂ ಅದೇ ಮಿಷನ್. ಒಂದಕ್ಕೊಂದು ಕೊಂಡಿ ಹಾಕಿಕೊಳ್ಳುವ ಇಂಥ ಹಂಚಿನ ವಿನ್ಯಾಸಕ್ಕೆ ಫ್ರಾನ್ಸಿನ ಅಲ್ಸಾಸ್ ಪ್ರಾಂತ್ಯದ ಜಿಲಾರ್ದೋನಿ ಸಹೋದರರು 1841ರಲ್ಲಿ ಪೇಟೆಂಟ್ ಪಡೆದಿದ್ದರು. ಮಿಷನ್ನಿನ ತವರಾದ ಬಾಸೆಲ್ ಪಟ್ಟಣಕ್ಕೆ ಆ ಸಹೋದರರ ಊರು ಕೂಗಳತೆ ಅಲ್ಲದಿದ್ದರೂ ದೂರವೇನಲ್ಲ. ನೇತ್ರಾವತಿಯ ಜೇಡಿ, ಅಲ್ಸಾಸಿನ ಆಕಾರ, ಒತ್ತುವ ಯಂತ್ರ, ಮೊದಲ ದಿನಗಳಲ್ಲಿ ಮಣ್ಣು ಅರೆಯಲು ಎತ್ತಿನ ಜೋಡಿ: ಇವು ಕೂಡಿ ಆದದ್ದು ಮಂಗಳೂರು ಹಂಚು. ಸನಾತನವೆಂದು ನಾವು ಫೋಟೊ ತೆಗೆಸಿಕೊಳ್ಳುವ ಮಾಡು ರೈಲಿನ ಓರಗೆಯದು.

ಅದಕ್ಕೂ ಮುಂಚೆ ಕರಾವಳಿಯ ಮಾಡು ಎಂದರೆ ಸಾಮಾನ್ಯವಾಗಿ ಮುಳಿಹುಲ್ಲು ಅಥವಾ ತೆಂಗು, ಅಡಕೆ, ತಾಳೆಗಳ ಸೋಗೆ. ಮಳೆಗಾಲಕ್ಕೆ ಮುಂಚೆ ಅದನ್ನು ಹೊದೆಸಬೇಕು, ಬೆಂಕಿಯ ಭಯದಲ್ಲಿ ಬೇಸಿಗೆ ಕಳೆಯಬೇಕು, ಗೆದ್ದಲು, ಇಲಿ, ಹಾವುಗಳ ಜೊತೆ ಬಾಳಬೇಕು. ಕುಂಬಾರರು ಕೈಯಲ್ಲಿ ಮಾಡುತ್ತಿದ್ದ ಅರ್ಧ ಕೊಳವೆಯಾಕಾರದ ನಾಡಹಂಚು ಇತ್ತು, ನಿಜ. ಆದರೆ ಅದು ಎಲ್ಲರ ತಲೆಯ ಮೇಲೆ ಇರಲಿಲ್ಲ. ಪಕ್ಕದ ಮಲಬಾರಿನಲ್ಲಿ ಹಂಚು ಹೊದೆಸುವುದು ದೇವಸ್ಥಾನ, ಅರಮನೆಗಳಿಗೂ ಅರಸನ ಅಪ್ಪಣೆ ಪಡೆದ ಕೆಲವರಿಗೂ ಮಾತ್ರ ಸಲ್ಲುವ ಮರ್ಯಾದೆಯಾಗಿತ್ತು. ಕಾರ್ಖಾನೆಯ ಹಂಚು ಈ ಲೆಕ್ಕವನ್ನು ಬುಡಮೇಲು ಮಾಡಿತು. ಯಾರ ಅಪ್ಪಣೆಯೂ ಬೇಡ, ದುಡ್ಡು ಕೊಟ್ಟರಾಯಿತು. ಶಾಲೆ, ಇಗರ್ಜಿ, ಮಸೀದಿ, ರೈಲ್ವೆ ನಿಲ್ದಾಣ, ಕಾಫಿ ಗೋದಾಮು, ಕೊನೆಗೆ ಗೇಣಿದಾರನ ಎರಡು ಅಂಕಣದ ಮನೆ, ಎಲ್ಲದರ ಮೇಲೂ ಒಂದೇ ಅಳತೆಯ ಹಂಚು ಕೂತಿತು. ಹಂಚಿನ ಅಳತೆ ಒಂದೇ ಆದದ್ದರಿಂದ ರೀಪಿನ ಅಂತರವೂ ಒಂದೇ ಆಗಬೇಕಾಯಿತು; ಗರಗಸದ ಗಿರಣಿಯಿಂದ ಅಳತೆಗೆ ಸೀಳಿದ ಮರ ಬೇಕಾಯಿತು; ಬಡಗಿಯ ಕೆಲಸವೇ ಬದಲಾಯಿತು. ಹೊಗೆ ಕವಿದ ಕತ್ತಲೆಯ ಅಡುಗೆಮನೆಗೆ ಒಂದೆರಡು ಗಾಜಿನ ಹಂಚು ಸೇರಿಸಿ ಬೆಳಕು ಇಳಿಸಬಹುದಾಯಿತು. ಮನೆಯ ಆಕಾರ ಹಳೆಯದೇ ಇತ್ತಲ್ಲ, ಮೇಲೆ ಹೊದೆಸಿದ್ದು ಬದಲಾದರೇನು ಎನ್ನುವವರು ಈ ಬೆಳಕನ್ನು ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. ಮಾಡು ಬದಲಾದಾಗ ಅದರ ಕೆಳಗಿನ ಇಡೀ ವರ್ಷದ ದಿನಚರಿ ಬದಲಾಯಿತು. ಹುಲ್ಲು ಕೊಯ್ದು, ಕಟ್ಟು ಕಟ್ಟಿ, ನೆರೆಹೊರೆಯವರೆಲ್ಲ ಸೇರಿ ಒಬ್ಬೊಬ್ಬರ ಮನೆ ಹೊದೆಸುತ್ತಿದ್ದ ಕೂಡುಗೆಲಸ ಕ್ಷೀಣಿಸಿತು. ಅದೊಂದು ನಷ್ಟ, ಒಪ್ಪೋಣ. ಆದರೆ ಆ ನಷ್ಟಕ್ಕೆ ಕಾರಣವಾದದ್ದು ಈ ಹಂಚೇ. ಅದನ್ನೇ ಆ ಕೂಡುಬಾಳಿನ ಲಾಂಛನವಾಗಿ ಜಾಹೀರಾತಿಗೆ ಹಾಕುವುದು ತಮಾಷೆಯಾಗಿದೆ.

ಇನ್ನು ಈ ಹಂಚನ್ನು ಮಾಡಿದವರು ಯಾರು? ಹೆಚ್ಚಾಗಿ ಮಿಷನ್ನಿನ ಮೂಲಕ ಮತಾಂತರವಾದವರು. ಅವರು ಜಾತಿಯ ಜೊತೆಗೆ ಕಸುಬನ್ನೂ ಕಳೆದುಕೊಳ್ಳುತ್ತಿದ್ದರು. ಶೇಂದಿ ಇಳಿಸುವುದನ್ನು ಮಿಷನ್ ಒಪ್ಪುತ್ತಿರಲಿಲ್ಲ, ಹಳೆಯ ಧಣಿಗಳು ಗೇಣಿಗೆ ಭೂಮಿ ಕೊಡುತ್ತಿರಲಿಲ್ಲ. ಅವರಿಗೊಂದು ಕೂಲಿಯ ದಾರಿ ಬೇಕಿತ್ತು, ಮಿಷನ್ನಿಗೆ ಲಾಭವೂ ಬೇಕಿತ್ತು. ಮೊದಲು ನೇಯ್ಗೆ, ಆಮೇಲೆ ಹಂಚು ಬಂದದ್ದು ಹೀಗೆ. ಗದ್ದೆ, ಹೊಳೆದಂಡೆಗಳಿಂದ ಬಂದ ಜೇಡಿಯನ್ನು ರಾಶಿ ಹಾಕಿ ಹದಕ್ಕೆ ಬಿಟ್ಟು, ಅರೆದು, ಹಲಗೆಯಾಗಿ ಕೊಯ್ದು, ಎಣ್ಣೆ ಸವರಿ, ಅಚ್ಚಿಗೆ ಕೊಟ್ಟು ಒತ್ತುವುದು; ಹೊರಬಂದ ಹಸಿ ಹಂಚಿನ ಅಂಚು ಸವರಿ, ನೆರಳಿನ ಅಟ್ಟಣೆಯಲ್ಲಿ ಒಣಗಿಸಿ, ಗೂಡಿಗೆ ತುಂಬಿ ಸುಡುವುದು; ಬೆಂದದ್ದನ್ನು ಬೆರಳಿನ ಗೆಣ್ಣಿನಿಂದ ತಟ್ಟಿ, ಖಣಿ ಎಂದರೆ ಒಂದು ಕಡೆ, ಬೊದ್ದು ಸದ್ದು ಬಂದರೆ ಇನ್ನೊಂದು ಕಡೆ ಇಡುವುದು. ಹೊರುವ, ಸವರುವ, ಒಟ್ಟುವ ಕೆಲಸದಲ್ಲಿ ಹೆಂಗಸರು ದೊಡ್ಡ ಸಂಖ್ಯೆಯಲ್ಲಿದ್ದರು. ಮಿಷನ್ನಿನ ಕಾರ್ಖಾನೆಗಳು ಕುದ್ರೋಳಿ, ಮಲ್ಪೆ, ಕಲ್ಲಿಕೋಟೆ, ಕೋಡಕ್ಕಲ್, ಫೆರೋಕ್‌ಗಳಿಗೆ ಹಬ್ಬಿದವು. ಅಷ್ಟರಲ್ಲಿ ಊರಿನವರೂ ಸುಮ್ಮನೆ ಕೂತಿರಲಿಲ್ಲ; ಸ್ಥಳೀಯ ಒಡೆತನದ ಕಾರ್ಖಾನೆಗಳು ಒಂದರ ಹಿಂದೆ ಒಂದು ಎದ್ದು, 1900ರ ಹೊತ್ತಿಗೆ ಮಂಗಳೂರಿನ ಸುತ್ತಮುತ್ತ ಸುಮಾರು 25 ಕಾರ್ಖಾನೆಗಳ ಚಿಮಣಿಗಳು ಹೊಗೆಯಾಡುತ್ತಿದ್ದವು. ಹಂಚು ಹಡಗೇರಿ ಬರ್ಮಾ, ಸಿಂಹಳ, ಏಡನ್, ಪೂರ್ವ ಆಫ್ರಿಕಾಗಳಿಗೆ ಹೋಯಿತು. ಅಲ್ಲಿ ಅದನ್ನು ಕೊಂಡವರಿಗೆ ಅದು ಮಂಗಳೂರಿನ ಕಾರ್ಖಾನೆಯ ಮಾಲು. ಅದು ಋಷಿಮುನಿಗಳ ಕಾಲದ್ದು ಎಂಬ ಭ್ರಮೆ ಹುಟ್ಟಿದ್ದು ತವರಿನಲ್ಲೇ.

ಈ ಭ್ರಮೆಯ ಬೇರು ಎಲ್ಲಿದೆ? ಎಲ್ಲ ತನ್ನಲ್ಲೇ ಉಳ್ಳ, ಹೊರಗಿನ ಹಂಗಿಲ್ಲದ ಹಳ್ಳಿ ಎಂಬ ಕಲ್ಪನೆಯಲ್ಲಿದೆ. ಅದನ್ನು ಅಪ್ಪಟ ದೇಸಿ ಚಿಂತನೆ ಎಂದು ಮಂಡಿಸುವವರು ಅದರ ಮೂಲವನ್ನು ಒಮ್ಮೆ ಹುಡುಕುವುದು ಒಳ್ಳೆಯದು. ಭಾರತದ ಗ್ರಾಮಗಳು ಬೇಕಾದದ್ದನ್ನೆಲ್ಲ ತಮ್ಮೊಳಗೇ ಪಡೆದ ಪುಟ್ಟ ಗಣರಾಜ್ಯಗಳು ಎಂಬ ಮಾತನ್ನು ಚಲಾವಣೆಗೆ ತಂದವರಲ್ಲಿ ಮುಖ್ಯನಾದವನು ಚಾರ್ಲ್ಸ್ ಮೆಟ್ಕಾಫ್, ಈಸ್ಟ್ ಇಂಡಿಯಾ ಕಂಪನಿಯ ಅಧಿಕಾರಿ, 1830ರ ಒಂದು ಟಿಪ್ಪಣಿಯಲ್ಲಿ. ಕಂದಾಯವನ್ನು ಯಾರಿಂದ ಎತ್ತಬೇಕು ಎಂಬ ಚರ್ಚೆಯ ನಡುವೆ ಬರೆದ ಆ ಮಾತು ಹೆನ್ರಿ ಮೇನ್, ಮಾರ್ಕ್ಸ್ ಮೊದಲಾದವರ ಬರಹಗಳಲ್ಲಿ ಹಾದು, ರಾಷ್ಟ್ರೀಯವಾದಿಗಳ ಕೈಗೆ ಬಂದು, ನಮ್ಮ ಅಜ್ಜಿಯರ ನೆನಪಾಗಿ ಮಾರ್ಪಟ್ಟಿತು. 1948ರ ನವೆಂಬರ್ 4ರಂದು ಸಂವಿಧಾನ ಸಭೆಯಲ್ಲಿ ಅಂಬೇಡ್ಕರ್ ಮೆಟ್ಕಾಫನ ಹೆಸರೆತ್ತಿಯೇ ಈ ಗ್ರಾಮಭಕ್ತಿಯನ್ನು ಝಾಡಿಸಿದ್ದರು. ಮೈಸೂರಿನವರೇ ಆದ ಎಂ. ಎನ್. ಶ್ರೀನಿವಾಸ್ 1960ರಲ್ಲಿ ಎ. ಎಂ. ಶಾ ಅವರೊಂದಿಗೆ ಬರೆದ ಲೇಖನದಲ್ಲಿ ಹಳ್ಳಿಯ ಸ್ವಯಂಪೂರ್ಣತೆ ಒಂದು ಮಿಥ್ಯೆ ಎಂದು ನೇರವಾಗಿ ಹೇಳಿದರು. ದೊಡ್ಡ ಸಂಶೋಧನೆಯೂ ಬೇಕಿಲ್ಲ. ಉಪ್ಪು ಎಲ್ಲಿಂದ ಬಂತು ಎಂದು ಕೇಳಿದರೆ ಸಾಕು. ಬಯಲುಸೀಮೆಯ ಯಾವ ಹಳ್ಳಿಯೂ ಕಡಲುಪ್ಪನ್ನು ಬೆಳೆಯಲಿಲ್ಲ. ನೇಗಿಲ ಗುಳಕ್ಕೆ ಕಬ್ಬಿಣ, ಚೊಂಬಿಗೆ ತಾಮ್ರ, ಕೈಗೆ ಬಳೆ, ಮಗುವಿಗೆ ಉಡಿದಾರ, ಎತ್ತಿನ ಕೊರಳಿಗೆ ಗಂಟೆ, ಇವೆಲ್ಲ ಬಂದದ್ದು ಸಂತೆಯಿಂದ, ಜಾತ್ರೆಯಿಂದ, ಹೇರು ಹೊತ್ತ ಎತ್ತಿನ ಹಿಂಡು ಹೊಡೆದುಕೊಂಡು ಬರುತ್ತಿದ್ದ ಲಂಬಾಣಿಗಳಿಂದ. 1800-01ರಲ್ಲಿ ಮೈಸೂರು, ಕೆನರಾ, ಮಲಬಾರು ಸೀಮೆಗಳನ್ನು ಸುತ್ತಿದ ಫ್ರಾನ್ಸಿಸ್ ಬುಕನನ್ ಬರೆದಿಟ್ಟ ಸಂತೆ, ಸುಂಕ, ವರ್ತಕರ ವಿವರ ಓದಿದರೆ, ಎಲ್ಲವನ್ನೂ ತಾನೇ ಮಾಡಿಕೊಂಡು ಕೂತ ಹಳ್ಳಿ ಎಲ್ಲೂ ಸಿಗುವುದಿಲ್ಲ. ಪೇಟೆ ಆಮೇಲೆ ಬಂದು ಕೆಡಿಸಿತು ಎನ್ನುವುದಕ್ಕೆ ಮೊದಲು ಪೇಟೆ ಇಲ್ಲದ ದಿನವೊಂದನ್ನು ಯಾರಾದರೂ ತೋರಿಸಬೇಕು.

ಈಗ ಅಜ್ಜಿಯ ಸೀರೆಗೆ ಬರೋಣ. ಮೈಸೂರು ಸೀಮೆಯಲ್ಲಿ ರೇಷ್ಮೆಹುಳು ಸಾಕಣೆಗೆ ಒತ್ತು ಕೊಟ್ಟವನು ಟಿಪ್ಪು ಸುಲ್ತಾನ, ಹದಿನೆಂಟನೇ ಶತಮಾನದ ಕೊನೆಗೆ, ಬಂಗಾಳದ ಕಡೆಯಿಂದ ವಿದ್ಯೆ ತರಿಸಿ. ಆಮೇಲೆ ರೋಗದಿಂದ ನೆಲಕಚ್ಚಿದ್ದ ಕಸುಬನ್ನು ಎತ್ತಿ ನಿಲ್ಲಿಸಲು ಜಮ್‌ಶೆಟ್‌ಜಿ ಟಾಟಾ ಬೆಂಗಳೂರಿನಲ್ಲಿ ಜಪಾನೀ ತಜ್ಞರನ್ನಿಟ್ಟು ರೇಷ್ಮೆ ತೋಟ ನಡೆಸಿದರು, ಮೈಸೂರು ಸರ್ಕಾರ ಇಟಲಿಯಿಂದ ತಜ್ಞನನ್ನು ಕರೆಸಿತು. ಈಗ ಮೈಸೂರು ಸಿಲ್ಕ್ ಎಂದು ಸರದಿಯಲ್ಲಿ ನಿಂತು ಕೊಳ್ಳುವ ಆ ನುಣುಪಾದ ಸೀರೆ ಹುಟ್ಟಿದ್ದು 1912ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ ಆಳ್ವಿಕೆಯಲ್ಲಿ ಮೈಸೂರಿನಲ್ಲಿ ತೆರೆದ ಕಾರ್ಖಾನೆಯಲ್ಲಿ, ಸ್ವಿಟ್ಜರ್ಲೆಂಡಿನಿಂದ ತರಿಸಿದ 32 ವಿದ್ಯುತ್ ಮಗ್ಗಗಳ ಮೇಲೆ. ಕೈಮಗ್ಗದಿಂದ ಯಂತ್ರಕ್ಕೆ ಇಳಿದ ಸೀರೆಯಲ್ಲ ಅದು. ಹುಟ್ಟಿದ್ದೇ ಯಂತ್ರದ ಮೇಲೆ. ಅದರ ಹೆಗ್ಗಳಿಕೆಯಾದ ಒಂದೇ ಸಮನೆಯ ಜಾರು, ಹುರಿ ನೂಲಿನ ಸಣ್ಣ ನೆರಿಗೆಯ ಹದ, ಯಂತ್ರದ ಬಿಗಿಯಿಂದಲೇ ಬಂದದ್ದು. ಮೈಸೂರು ಸ್ಯಾಂಡಲ್ ಸಾಬೂನಿನ ಕಥೆಯೂ ಹೀಗೇ. ಶ್ರೀಗಂಧದ ಕೊರಡು ಯುರೋಪಿಗೆ, ಅದರಲ್ಲೂ ಜರ್ಮನಿಗೆ ಹೋಗಿ ಅಲ್ಲಿ ಎಣ್ಣೆಯಾಗುತ್ತಿತ್ತು. 1914ರಲ್ಲಿ ಯುದ್ಧ ಹತ್ತಿ ಆ ದಾರಿ ಮುಚ್ಚಿ, ಗಂಧದ ಮರ ಇಲ್ಲೇ ರಾಶಿ ಬಿತ್ತು. ವಿಶ್ವೇಶ್ವರಯ್ಯ ದಿವಾನರಾಗಿದ್ದ ಆ ದಿನಗಳಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯ ರಸಾಯನಶಾಸ್ತ್ರಜ್ಞರ ನೆರವಿನಿಂದ 1916ರಲ್ಲಿ ಎಣ್ಣೆ ತೆಗೆಯುವ ಕೆಲಸ ಶುರುವಾಯಿತು, ಎರಡು ವರ್ಷದಲ್ಲಿ ಸಾಬೂನು ಬಂತು. ಅದರ ಹದ ಕೂಡಿಸಿದವರು ಸೋಸಲೆ ಗರಳಪುರಿ ಶಾಸ್ತ್ರಿಗಳು. ಇಂದು ನಾವು ಆ ಡಬ್ಬಿಯನ್ನು ಪರಂಪರೆಯ ಕಂಪು ಎಂದು ಪರದೇಶದ ನೆಂಟರಿಗೆ ಕಳಿಸುತ್ತೇವೆ. ಕಳಿಸಬೇಕಾದದ್ದೇ. ಆದರೆ ಅದರೊಳಗಿರುವುದು ಒಂದು ಸಂಸ್ಥಾನದ ರಸಾಯನಶಾಸ್ತ್ರ, ಒಂದು ಮಹಾಯುದ್ಧದ ಅಡಚಣೆ, ಒಬ್ಬ ದಿವಾನರ ಹಟ. ಪ್ರಾಚೀನತೆಯ ಮುಸುಕು ಹೊದೆಸಿದರೆ ಇವು ಮೂರೂ ಮುಚ್ಚಿಹೋಗುತ್ತವೆ.

ದೇವರ ಪಟದ್ದು ಇನ್ನೂ ಸ್ವಾರಸ್ಯ. ತಾವರೆಯ ಮೇಲೆ ನಿಂತ, ಸೀರೆಯುಟ್ಟ, ನಾಲ್ಕು ಕೈಯ ಲಕ್ಷ್ಮಿ ಎಂದ ಕೂಡಲೆ ಕಣ್ಣಿಗೆ ಬರುವ ಮುಖ ರಾಜಾ ರವಿವರ್ಮ ಬರೆದದ್ದು, 1894ರಲ್ಲಿ ಮುಂಬಯಿಯಲ್ಲಿ ಶುರುವಾದ ಅವರ ಮುದ್ರಣಾಲಯದಿಂದ ಕಲ್ಲಚ್ಚಿನಲ್ಲಿ ಸಾವಿರಗಟ್ಟಲೆ ಹೊರಬಿದ್ದದ್ದು. ಯಂತ್ರ ಜರ್ಮನಿಯದು, ಮುದ್ರಣ ತಜ್ಞರು ಜರ್ಮನರು; ಕೆಲವೇ ವರ್ಷಗಳಲ್ಲಿ ಅಚ್ಚುಕೂಟವನ್ನೇ ಫ್ರಿಟ್ಸ್ ಶ್ಲೈಶರ್ ಎಂಬ ಜರ್ಮನ್ ಕೊಂಡುಕೊಂಡ. ಗುಡಿಯೊಳಗೆ ಕಾಲಿಡಲು ಬಿಡದ ಜಾತಿಗಳ ಮನೆಗೂ ದೇವರು ಕಾಗದವಾಗಿ ಬಂದದ್ದು ಹೀಗೆ. ಹೆಂಗಸರು ಆ ಪಟಗಳಿಗೆ ಜರಿ, ಚಮಕಿ, ಬಟ್ಟೆ ಅಂಟಿಸಿ ಸೀರೆ ಉಡಿಸಿದರು, ಗಾಜು ಹಾಕಿಸಿದರು, ಕುಂಕುಮ ಇಟ್ಟರು. ಅಚ್ಚಿನ ಮಾಲು ಪೂಜೆಗೆ ಕೂರಲು ಇಷ್ಟು ಸಾಕಾಯಿತು. ಕೆಂಪು ನೆಲದ ಬಗ್ಗೆ ಒಂದೇ ಮಾತು: ಅದು ಪೋರ್ಟ್‌ಲ್ಯಾಂಡ್ ಸಿಮೆಂಟು ಮತ್ತು ಡಬ್ಬಿಯಲ್ಲಿ ಬರುವ ರೆಡ್ ಆಕ್ಸೈಡ್ ಪುಡಿ, ಅಜ್ಜಿಯ ಅಜ್ಜಿ ಸಾರಿಸಿದ್ದು ಸಗಣಿಯ ನೆಲ. ಸ್ಟೀಲ್ ಲೋಟ? ತುಕ್ಕು ಹಿಡಿಯದ ಉಕ್ಕು ಷೆಫೀಲ್ಡಿನಲ್ಲಿ ಸಿದ್ಧವಾದದ್ದೇ 1913ರಲ್ಲಿ, ನಮ್ಮ ಅಡುಗೆಮನೆಗೆ ಬಂದದ್ದು ಸ್ವಾತಂತ್ರ್ಯದ ಆಚೆಗೆ. ಅದಕ್ಕೂ ಮುಂಚೆ ಬಂದ ಅಲ್ಯುಮಿನಿಯಂ ಪಾತ್ರೆಯನ್ನು 1898ರಲ್ಲಿ ಮದರಾಸಿನ ಕಲಾಶಾಲೆಯಲ್ಲಿ ಮಾಡಿಸಿ ತೋರಿಸಿದ ಆಲ್‌ಫ್ರೆಡ್ ಚಾಟರ್‌ಟನ್ ಮುಂದೆ ಮೈಸೂರು ಸಂಸ್ಥಾನದ ಕೈಗಾರಿಕಾ ಇಲಾಖೆಯ ಮುಖ್ಯಸ್ಥನಾದ. ಇನ್ನು ಅದರೊಳಗಿನ ಕಾಫಿ: ಬಾಬಾಬುಡನ್‌ಗಿರಿಯ ಗಿಡ ಹಳೆಯದಿರಬಹುದು, ಬೆಳಗೆದ್ದು ಮನೆಮನೆಯಲ್ಲಿ ಕುಡಿಯುವ ಚಟ ಇಪ್ಪತ್ತನೇ ಶತಮಾನದ್ದು. ರಫ್ತು ಕುಸಿದಾಗ ದೇಶದೊಳಗೆ ಕುಡಿಯುವವರನ್ನು ಹುಡುಕಲೆಂದೇ 1935ರಲ್ಲಿ ಸರ್ಕಾರ ಒಂದು ಸಮಿತಿ ಮಾಡಿ, ಕಾಫಿ ಹೌಸುಗಳನ್ನು ತೆರೆಸಿ ಪ್ರಚಾರ ನಡೆಸಬೇಕಾಯಿತು.

ಇಲ್ಲಿ ಗಟ್ಟಿಯಾದ ಆಕ್ಷೇಪವೊಂದು ಏಳುತ್ತದೆ, ಅದನ್ನು ತೇಲಿಸಿಬಿಡುವಂತಿಲ್ಲ. ಹಂಚು, ಸಾಬೂನುಗಳ ಕಥೆ ಸರಿ, ಆದರೆ ಮ್ಯಾಂಚೆಸ್ಟರಿನ ಬಟ್ಟೆ ನಮ್ಮ ನೇಕಾರನ ಹೊಟ್ಟೆಗೆ ಹೊಡೆದದ್ದು ಸುಳ್ಳೇ? ಸುಳ್ಳಲ್ಲ. ಕೈಯಲ್ಲಿ ನೂಲು ತೆಗೆದು ಮಾರುತ್ತಿದ್ದ ಹೆಂಗಸರ ಸಂಪಾದನೆ ಹತ್ತೊಂಬತ್ತನೇ ಶತಮಾನದಲ್ಲಿ ಬಹುಮಟ್ಟಿಗೆ ಅಳಿಸಿಹೋಯಿತು. ವಸಾಹತು ಸರ್ಕಾರದ ಸುಂಕನೀತಿ ಯಾರ ಪರವಾಗಿತ್ತು ಎನ್ನುವುದು ಗುಟ್ಟೇನಲ್ಲ. ನಾಡಹಂಚು ಮಾಡುತ್ತಿದ್ದ ಕುಂಬಾರನಿಗೆ ಜೆಪ್ಪುವಿನ ಹಂಚು ಹೊಡೆದ ಪೆಟ್ಟನ್ನೂ ಇದರ ಪಕ್ಕದಲ್ಲೇ ಬರೆಯಬೇಕು. ಆದರೆ ನೇಕಾರ ಹಾಗೆಯೇ ಕೂತು ಸಾಯಲಿಲ್ಲ. ಶತಮಾನದ ಕೊನೆಯ ಹೊತ್ತಿಗೆ ಕೈಮಗ್ಗಗಳಲ್ಲಿ ಹೆಚ್ಚಿನವು ಓಡುತ್ತಿದ್ದದ್ದು ಗಿರಣಿ ನೂಲಿನ ಮೇಲೆ. 1887ರಲ್ಲಿ ಗೋಕಾಕ ಜಲಪಾತದ ನೆತ್ತಿಯಲ್ಲಿ ನೀರಿನ ಬಲದಿಂದ ತಿರುಗಲು ಶುರುಮಾಡಿದ ಗಿರಣಿಯ ನೂಲನ್ನು ಕೊಂಡವರು ಅದೇ ಕೈಮಗ್ಗದವರು. ಬಣ್ಣ ಯುರೋಪಿನ ರಾಸಾಯನಿಕ ಕಾರ್ಖಾನೆಗಳಿಂದ ಬಂತು: 1869ರ ಹೊತ್ತಿಗೆ ಕೃತಕ ಮಂಜಿಷ್ಠದ ಕೆಂಪು, 1897ರಲ್ಲಿ ಕೃತಕ ನೀಲಿ. ಹಗ್ಗ ಎಳೆದರೆ ತಾನೇ ಅಡ್ಡಾಡುವ ಲಾಳಿ ಬಂತು. ಇಳಕಲ್ ಸೀರೆಯ ಸೆರಗಿಗೆ ಕೃತಕ ರೇಷ್ಮೆ, ನೇಕಾರರ ಮಾತಿನಲ್ಲಿ ಚಮಕಾ, ಬಂದು ಕೂತಿತು. ಕೊಳ್ಳುವವಳ ಕೈಗೆಟುಕುವ ಬೆಲೆಗೆ ಸೀರೆ ಇಳಿಯಿತು, ಮಗ್ಗ ಉಳಿಯಿತು. ಗುಳೇದಗುಡ್ಡದ ಕಣವಾಗಲಿ ಇಳಕಲ್ ಸೀರೆಯಾಗಲಿ ಇಂದಿಗೂ ಇರುವುದು ಅದು ಬದಲಾಗದೆ ಉಳಿದದ್ದರಿಂದಲ್ಲ. ಸಿಕ್ಕ ನೂಲು, ಸಿಕ್ಕ ಬಣ್ಣ, ಸಿಕ್ಕ ಲಾಳಿಗಳನ್ನು ಹಿಡಿದು ನೇಕಾರ ಲೆಕ್ಕ ಹಾಕಿದ್ದರಿಂದ. ಆ ಲೆಕ್ಕಾಚಾರದ ಜಾಣತನವನ್ನು ಮರೆಮಾಚಿ ಸಾವಿರ ವರ್ಷದಿಂದ ಹೀಗೆಯೇ ಎಂದು ಚೀಟಿ ಅಂಟಿಸುವುದು ನೇಕಾರನಿಗೆ ತೋರುವ ಗೌರವವಲ್ಲ. ನಾಶದ ಕಥೆಗೂ ಇಸವಿ ಬೇಕು, ಉಳಿವಿನ ಕಥೆಗೂ ಇಸವಿ ಬೇಕು. ಇಸವಿಯಿಲ್ಲದ ಹಳೆಯ ಕಾಲ ಎರಡನ್ನೂ ನುಂಗುತ್ತದೆ.

ಗಾಂಧೀಜಿ ಹೇಳಿದ್ದು ಬೇರೆಯಲ್ಲವೇ ಎಂದು ಕೇಳುವವರಿದ್ದಾರೆ. ಯಂತ್ರದ ವಿರುದ್ಧ ಅವರಷ್ಟು ತೀವ್ರವಾಗಿ ಬರೆದವರು ಕಡಿಮೆ. ಆದರೂ ಅವರನ್ನು ಈ ಸ್ಮೃತಿಭಂಗದ ಪರ ಸಾಕ್ಷಿಗೆ ಕರೆಯುವುದು ಕಷ್ಟ. 1924ರಲ್ಲಿ ಯಂತ್ರಗಳ ಬಗ್ಗೆ ಕೇಳಿದಾಗ ಅವರು ಸಿಂಗರ್ ಹೊಲಿಗೆ ಯಂತ್ರಕ್ಕೆ ವಿನಾಯಿತಿ ಕೊಟ್ಟರು. ಅದನ್ನು ಮಾಡಲು ಕಾರ್ಖಾನೆ ಬೇಕಲ್ಲ ಎಂದರೆ, ಬೇಕು, ಅಂಥ ಕಾರ್ಖಾನೆ ರಾಷ್ಟ್ರದ ಸ್ವತ್ತಾಗಿರಲಿ ಎಂಬ ನಿಲುವಿಗೆ ಬಂದರು. 1929ರಲ್ಲಿ ಉತ್ತಮ ಚರಕವನ್ನು ರೂಪಿಸಿದವರಿಗೆ ಒಂದು ಲಕ್ಷ ರೂಪಾಯಿ ಬಹುಮಾನ ಸಾರಲಾಯಿತು. ಪೆಟ್ಟಿಗೆಯೊಳಗೆ ಮಡಚಿಡುವ ಯರವಡಾ ಚರಕ ಅದೇ ಆಸುಪಾಸಿನ ಆವಿಷ್ಕಾರ. ಈಗ ಅದನ್ನು ವೇದಕಾಲದ ಉಪಕರಣ ಎಂಬಂತೆ ವೇದಿಕೆಯ ಮೇಲಿಡುತ್ತೇವೆ. ಗಾಂಧಿಯವರ ಪ್ರಶ್ನೆ ವಸ್ತು ಹಳೆಯದೋ ಹೊಸದೋ ಎಂಬುದಾಗಿರಲಿಲ್ಲ. ಅದು ಯಾರ ಕೈಗೆ ಕೆಲಸ ಕೊಡುತ್ತದೆ, ಯಾರ ಕೈಯಿಂದ ಕಿತ್ತುಕೊಳ್ಳುತ್ತದೆ, ಒಡೆತನ ಯಾರದು ಎಂಬುದಾಗಿತ್ತು. ಅವರ ಉತ್ತರಗಳನ್ನು ಒಪ್ಪದವರೂ ಆ ಪ್ರಶ್ನೆಯನ್ನು ಕೇಳಬಹುದು. ಆದರೆ ಅಜ್ಜಿಯ ಕಾಲದ ಭಕ್ತರು ಅದನ್ನು ಕೇಳುವುದೇ ಇಲ್ಲ. ಕೇಳಿದರೆ ಅಜ್ಜಿಯ ಕಾಲದಲ್ಲಿ ನೀರು ಸೇದಿದ್ದು, ಕಟ್ಟಿಗೆ ಹೊತ್ತದ್ದು, ಬೀಸಿದ್ದು ಯಾರು ಎಂದು ಹೇಳಬೇಕಾಗುತ್ತದೆ. ಭಾರತೀಯ ವಿಜ್ಞಾನ ಸಂಸ್ಥೆಯ ಎ. ಕೆ. ಎನ್. ರೆಡ್ಡಿ ಮತ್ತು ಸಂಗಡಿಗರು 1970ರ ದಶಕದಲ್ಲಿ ಕುಣಿಗಲ್ ತಾಲ್ಲೂಕಿನ ಪುರ ಎಂಬ ಹಳ್ಳಿಯಲ್ಲಿ ಯಾರ ಮೈಬೆವರು ಎಷ್ಟೆಂದು ಲೆಕ್ಕ ಹಾಕಿದ್ದರು. ಊರಿನ ಒಟ್ಟು ಮಾನವ ಶ್ರಮದಲ್ಲಿ ಅರ್ಧಕ್ಕಿಂತ ಹೆಚ್ಚು ಪಾಲು ಹೆಂಗಸರದು, ಗಂಡಸರದು ಮೂರನೇ ಒಂದಕ್ಕೂ ಕಡಿಮೆ, ಉಳಿದದ್ದು ಮಕ್ಕಳದು. ಸರಳ ಜೀವನ ಎನ್ನುವುದು ಯಾರಿಗೆ ಸರಳವಾಗಿತ್ತು ಎಂಬುದಕ್ಕೆ ಇದಕ್ಕಿಂತ ಹೆಚ್ಚಿನ ಪುರಾವೆ ನನಗೆ ಬೇಕಿಲ್ಲ.

ಇನ್ನೊಂದು ಆಕ್ಷೇಪ ರಾಜಕೀಯದ್ದು. ಹಂಚನ್ನು ಮಿಷನರಿಗೆ, ಪಾತ್ರೆಯನ್ನು ಇಂಗ್ಲಿಷಿನವನಿಗೆ, ಮಗ್ಗವನ್ನು ಸ್ವಿಸ್ಸರಿಗೆ ಒಪ್ಪಿಸಿಬಿಟ್ಟರೆ ವಸಾಹತುಶಾಹಿಗೆ ಶಿಫಾರಸು ಪತ್ರ ಬರೆದಂತಾಗುವುದಿಲ್ಲವೇ? ನಾನು ಇದನ್ನು ತಿರುಗಿಸಿ ಕೇಳುತ್ತೇನೆ. ಯಂತ್ರವೆಲ್ಲ ಪರಕೀಯ, ಕೈಗೆಲಸ ಮಾತ್ರ ನಮ್ಮದು ಎನ್ನುವವರೇ ಆ ಪತ್ರಕ್ಕೆ ರುಜು ಹಾಕುತ್ತಿರುವುದು. ಶಿವನಸಮುದ್ರದ ನೀರಿನಿಂದ 1902ರಲ್ಲಿ ಕೋಲಾರದ ಗಣಿಗೆ ವಿದ್ಯುತ್ ಹರಿಸಿದ್ದು, 1905ರಲ್ಲಿ ಬೆಂಗಳೂರಿನ ಬೀದಿಗೆ ದೀಪ ಹಾಕಿದ್ದು ಮೈಸೂರು ಸಂಸ್ಥಾನ. ಯೋಜನೆಯ ಹಿಂದೆ ನಿಂತ ದಿವಾನರು ಕೆ. ಶೇಷಾದ್ರಿ ಅಯ್ಯರ್. ಮಂಗಳೂರಿನ ಜೇಡಿಯ ಗುಣ ಬಲ್ಲವರು ಅಲ್ಲಿನ ಕುಂಬಾರರು. ಮೊದಲನೇ ಮಹಾಯುದ್ಧದಲ್ಲಿ ಜರ್ಮನರನ್ನು ಶತ್ರುಗಳೆಂದು ಹಿಡಿದು, ಮಿಷನ್ನಿನ ಕಾರ್ಖಾನೆಗಳನ್ನು ಬ್ರಿಟಿಷ್ ಸರ್ಕಾರ ವಶಪಡಿಸಿಕೊಂಡು ಕಾಮನ್‌ವೆಲ್ತ್ ಟ್ರಸ್ಟಿಗೆ ಒಪ್ಪಿಸಿದಾಗಲೂ ಮಂಗಳೂರಿನ ಹಂಚು ನಿಲ್ಲಲಿಲ್ಲ. ವಿದ್ಯೆ ಅಷ್ಟರಲ್ಲಿ ಊರಿನ ಕೈಗೆ ಇಳಿದಿತ್ತು, ಒಡೆತನದ ದೊಡ್ಡ ಪಾಲೂ ಇಳಿದಿತ್ತು. ಹೊರಗಿನಿಂದ ಬಂದ ಆಕಾರವನ್ನು ನಮ್ಮ ಮಣ್ಣು, ಮಳೆ, ಕೂಲಿಗೆ ಹೊಂದಿಸಿಕೊಂಡ ಈ ನೂರು ವರ್ಷದ ಕೆಲಸವನ್ನು ನಮ್ಮದಲ್ಲ ಎಂದು ದೂಡಿ, ಅದರ ಫಲವನ್ನು ಮಾತ್ರ ಪುರಾತನವೆಂದು ತಬ್ಬಿಕೊಳ್ಳುವುದು ವಿಚಿತ್ರವಾದ ಸ್ವಾಭಿಮಾನ.

ಪರಿಸರದ ವಾದ ಇವೆಲ್ಲಕ್ಕಿಂತ ಪ್ರಾಮಾಣಿಕವಾದದ್ದು. ಹಳೆಯ ವಸ್ತು ಮಣ್ಣಿಗೆ ಮರಳುತ್ತಿತ್ತು, ಈಗಿನ ಪ್ಲಾಸ್ಟಿಕ್ ಕೊಡ ಮರಳುವುದಿಲ್ಲ; ಹಂಚಿನ ಕೆಳಗೆ ತಂಪಿತ್ತು, ಕಾಂಕ್ರೀಟಿನ ಕೆಳಗೆ ಬೇಯುತ್ತೇವೆ. ಎರಡೂ ನಿಜ. ಆದರೆ ಹಂಚಿನ ಗೂಡು ಉಂಡದ್ದು ಕಾಡಿನ ಕಟ್ಟಿಗೆಯನ್ನು, ಜೇಡಿ ಅಗೆದದ್ದು ಗದ್ದೆ ಮತ್ತು ಹೊಳೆದಂಡೆಯನ್ನು. ಕಟ್ಟಿಗೆ ತುಟ್ಟಿಯಾದದ್ದು, ಜೇಡಿ ಸಿಗದಾದದ್ದು ಈ ಕಾರ್ಖಾನೆಗಳು ಮುಚ್ಚಲು ಇದ್ದ ಕಾರಣಗಳಲ್ಲಿ ಸೇರಿವೆ. ಒಂದು ವಸ್ತು ಒಳ್ಳೆಯದೋ ಅಲ್ಲವೋ ಎಂದು ತೀರ್ಮಾನಿಸಲು ಅದು ಎಷ್ಟು ಸೌದೆ, ಎಷ್ಟು ಮಣ್ಣು, ಎಷ್ಟು ನೀರು, ಯಾರ ಬೆನ್ನು ಬೇಡುತ್ತದೆ, ಎಷ್ಟು ಕಾಲ ಬಾಳುತ್ತದೆ ಎಂದು ನೋಡಬೇಕು. ಹಂಚು ಇಲ್ಲಿ ಚೆನ್ನಾಗಿಯೇ ಅಂಕ ಪಡೆಯುತ್ತದೆ. ಒಂದು ಮನೆಯಿಂದ ಇಳಿಸಿ ಇನ್ನೊಂದಕ್ಕೆ ಏರಿಸಬಹುದು, ಒಡೆದದ್ದನ್ನು ಒಂದೊಂದಾಗಿ ಬದಲಿಸಬಹುದು. ಆ ಅಂಕ ಬಂದದ್ದು ಅಳತೆಯ ನಿಖರತೆಯಿಂದ, ಎಂದರೆ ಅಚ್ಚಿನಿಂದ. ಹಳೆಯದೆಂಬ ಕಾರಣಕ್ಕೆ ಅಂಕ ಕೊಡುವ ಪದ್ಧತಿ ಶುರುವಾದರೆ ಹೊಗೆ ತುಂಬಿದ ಒಲೆಗೂ ಕೊಡಬೇಕಾಗುತ್ತದೆ, ಕೊಡುತ್ತಲೂ ಇದ್ದಾರೆ. ಸೌದೆ ಒಲೆಯ ರುಚಿಯನ್ನು ಹೊಗಳುವ ಲೇಖನಗಳನ್ನು ಸಾಮಾನ್ಯವಾಗಿ ಬರೆಯುವವರು ಅದನ್ನು ಊದಿದವರಲ್ಲ.

ಇಷ್ಟೆಲ್ಲ ಇಸವಿಗಳ ಜಗ್ಗಾಟ ಯಾಕೆಂದರೆ, ಕಾಲವನ್ನು ಅಳಿಸಿದಾಗ ಮೊದಲು ಮಾಯವಾಗುವುದು ಮಾಡಿದವರು. ಪುರಾತನ ವಸ್ತುವಿಗೆ ಕರ್ತೃ ಇರುವುದಿಲ್ಲ, ಅದು ಸಂಸ್ಕೃತಿಯಿಂದ ತಾನಾಗಿ ಒಸರುತ್ತದೆ. ಇಸವಿಯಿರುವ ವಸ್ತುವಿನ ಹಿಂದೆ ಕೂಲಿಯ ಪಟ್ಟಿ ಇರುತ್ತದೆ, ಮುಷ್ಕರವಿರುತ್ತದೆ, ಅಂಚು ಸವರಿದ ಹೆಂಗಸಿನ ಬೆರಳಿನ ಗುರುತು ಇರುತ್ತದೆ. ನಾವು ಇದರಲ್ಲಿ ಯಾವುದನ್ನು ಉಳಿಸಿಕೊಂಡಿದ್ದೇವೆ ಎಂದು ನೋಡಿದರೆ ಉತ್ತರ ಸಿಗುತ್ತದೆ. ಮಂಗಳೂರಿನ ಹಂಚಿನ ಕಾರ್ಖಾನೆಗಳಲ್ಲಿ ಹೆಚ್ಚಿನವು ಬಾಗಿಲು ಹಾಕಿವೆ. ನಗರದೊಳಗಿನ ಜಾಗಕ್ಕೆ ಹಂಚಿಗಿಂತ ಹೆಚ್ಚು ಬೆಲೆ ಬಂದಿದೆ. ಒತ್ತುವ ಯಂತ್ರ ಗುಜರಿಗೆ, ಚಿಮಣಿ ನೆಲಕ್ಕೆ, ಹಾಜರಿ ಪುಸ್ತಕ ಗೆದ್ದಲಿಗೆ. ಅದೇ ಹೊತ್ತಿಗೆ ಹಳೆ ಹಂಚಿನ ವ್ಯಾಪಾರ ಬೇರೆಯೇ ದಾರಿ ಹಿಡಿದಿದೆ: ಕೆಡವಿದ ಮನೆಗಳಿಂದ ಇಳಿಸಿ, ಪಾಚಿ ಉಜ್ಜಿ, ಲಾರಿಯಲ್ಲಿ ರೆಸಾರ್ಟುಗಳಿಗೆ ಸಾಗಿಸಿ, ಕಾಂಕ್ರೀಟ್ ಸ್ಲ್ಯಾಬಿನ ಮೇಲೆ ಅಲಂಕಾರಕ್ಕೆ ಕೂರಿಸುತ್ತಾರೆ. ಕಂಪನಿಯ ಹೆಸರು, ಊರು, ಇಸವಿ ಇರುವುದು ಒಳಮೈಯಲ್ಲಿ. ಮುಚ್ಚಿಗೆಯಿಲ್ಲದ ಹಳೆಯ ಮನೆಗಳಲ್ಲಿ ಚಾಪೆಯ ಮೇಲೆ ಅಂಗಾತ ಮಲಗಿದವರಿಗೆ ರೀಪಿನ ಸಂದಿನಲ್ಲಿ ಆ ಅಕ್ಷರಗಳು ಸಾಲುಸಾಲಾಗಿ ಕಾಣುತ್ತಿದ್ದವು. ಎಷ್ಟೋ ಮಕ್ಕಳು ಇಂಗ್ಲಿಷ್ ಅಕ್ಷರ ಕೂಡಿಸಲು ಶುರುಮಾಡಿದ್ದು ಅಲ್ಲಿಂದಲೇ ಇದ್ದೀತು. ಸ್ಲ್ಯಾಬಿಗೆ ಅಂಟಿಸುವಾಗ ಮೇಸ್ತ್ರಿ ಸಿಮೆಂಟ್ ಮೆತ್ತುವುದು ಸರಿಯಾಗಿ ಆ ಮೈಗೇ.